ಫೈಲ್ ತೆರೆಯದಿದ್ದಾಗ ಮೊದಲು ಅದರ ನಕಲು ಮಾಡಿ

ಮಡಿಕೇರಿಯಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಕಟ್ಟುವ ಕೆಲಸ) ಮಾಡುವವರಿಗೆ ಆಗಸ್ಟ್ ತಿಂಗಳು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮಳೆ ಬಿಡುವುದಿಲ್ಲ. ಎಲ್ಲೋ ಮರ ಬಿದ್ದು ಲೈನ್ ಹೋಗುತ್ತದೆ. ಯುಪಿಎಸ್ ಕೂಗಲು ಶುರು ಮಾಡಿದರೆ ಇದ್ದಷ್ಟು ಕೆಲಸ ಸೇವ್ ಮಾಡಿ ಎದ್ದುಬಿಡಬೇಕು. ಹೋದ ವರ್ಷ ಅಂಥದ್ದೇ ಒಂದು ಬೆಳಿಗ್ಗೆ ಒಂದು ಕೊಡವ ಒಕ್ಕದ, ಅಂದರೆ ಮನೆತನದ, ಪುಸ್ತಕದ ಫೈಲ್ ತೆರೆಯಲು ಹೋದೆ. ಪುಟ ಕಟ್ಟುವ ಸಾಫ್ಟ್‌ವೇರ್ ಸ್ಕ್ರೈಬಸ್ ತೆರೆದುಕೊಂಡಿತು. ಫೈಲ್ ಲೋಡ್ ಆಗುವ ಗೆರೆ ಅರ್ಧದವರೆಗೆ ಓಡಿತು. ಅಷ್ಟರಲ್ಲಿ ಎಲ್ಲವೂ ಮುಚ್ಚಿಹೋಯಿತು. ಮತ್ತೆ ತೆರೆದೆ. ಮತ್ತೆ ಅಲ್ಲಿಗೇ ಬಂದು ಮುಚ್ಚಿತು.

176 ಪುಟ, ಅಂದರೆ ಅಚ್ಚಿನ ಲೆಕ್ಕದಲ್ಲಿ ಒಂದು ದೊಡ್ಡ ಹಾಳೆಗೆ 16 ಪುಟದಂತೆ 11 ಫಾರಂ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಹಬ್ಬಕ್ಕೆ ಒಕ್ಕದವರೆಲ್ಲ ಐನ್‌ಮನೆಗೆ, ಅಂದರೆ ಒಕ್ಕದ ಮೂಲ ಮನೆಗೆ, ಬಂದಾಗ ಹಂಚಬೇಕು ಅಂತ ಮಾಡಿಸುತ್ತಿದ್ದ ಪುಸ್ತಕ. ವಂಶವೃಕ್ಷ, ಹಳೇ ಫೋಟೋಗಳು, ಹಿರಿಯರು ಬಾಯಲ್ಲಿ ಹೇಳಿ ಬರೆಸಿದ ಕೊಡವ ತಕ್ಕ್ (ಕೊಡವ ಭಾಷೆ) ಹಾಡುಗಳು. ಹಾಡು ಹೇಳಿದವರಲ್ಲಿ ಒಬ್ಬ ಅಜ್ಜ ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಒಂದೊಂದೇ ಸಾಲು ತಿದ್ದಿಸಿದ್ದರು. ಜೂನ್‌ನಲ್ಲಿ ಅವರು ತೀರಿಕೊಂಡರು. ಆ ತಿದ್ದುಪಡಿ ಕಾಗದದ ಮೇಲೆ ಎಲ್ಲೂ ಇರಲಿಲ್ಲ. ಪೆನ್‌ಡ್ರೈವ್‌ನಲ್ಲಿದ್ದ ನಕಲು ಏಪ್ರಿಲ್‌ನದು. ನನ್ನ ಕೈ ನಡುಗಿತು.

ಅಂಥ ಹೊತ್ತಿನಲ್ಲಿ ನಾವೆಲ್ಲ ಮಾಡುವುದು ಒಂದೇ ಅಲ್ವಾ? ಹತ್ತು ಸಲ ಡಬಲ್ ಕ್ಲಿಕ್ ಮಾಡುತ್ತೇವೆ. ಆಮೇಲೆ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕುತ್ತೇವೆ. ಕೊನೆಗೆ ಫಾರ್ಮ್ಯಾಟ್ ಮಾಡಿಸುತ್ತೇವೆ. ಫಾರ್ಮ್ಯಾಟ್ ಮಾಡಿಸುವಾಗ ಕಂಪ್ಯೂಟರಿನಲ್ಲಿದ್ದ ಫಾಂಟ್‌ಗಳೂ ಹೋಗುತ್ತವೆ, ಕೆಲವು ಸಲ ಫೈಲೂ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಮೊದಲು ಆ ಫೋಲ್ಡರನ್ನು ಇದ್ದ ಹಾಗೇ ಬೇರೆ ಡ್ರೈವ್‌ಗೆ ನಕಲು ಮಾಡಿದೆ. ಆಮೇಲಿನ ಪ್ರಯೋಗವೆಲ್ಲ ನಕಲಿನ ಮೇಲೆ.

ಹೊಸ ಖಾಲಿ ಫೈಲ್ ತೆರೆದು ನೋಡಿದೆ, ಬಂತು. ಹಳೇ ಮದುವೆ ಕಾಗದದ ಫೈಲ್ ತೆರೆದೆ, ಅದೂ ಬಂತು. ಅಂದರೆ ಸಾಫ್ಟ್‌ವೇರ್ ಸರಿಯಾಗಿದೆ. ತೊಂದರೆ ಇರುವುದು ಈ ಫೈಲಿನಲ್ಲಿ, ಇಲ್ಲವೇ ಈ ಫೈಲ್ ಕರೆಯುವ ಫಾಂಟ್, ಫೋಟೋಗಳಲ್ಲಿ.

ಸ್ಕ್ರೈಬಸ್‌ನ ಎಸ್‌ಎಲ್‌ಎ ಫೈಲ್ ಒಳಗೆ ಇರುವುದು ಎಕ್ಸ್‌ಎಂಎಲ್, ಅಂದರೆ ಬರೀ ಅಕ್ಷರ. ನೋಟ್‌ಪ್ಯಾಡ್‌ನಲ್ಲೂ ತೆರೆಯಬಹುದು. ತೆರೆದು ಆ ಅಜ್ಜನ ಹಾಡಿನ ಒಂದು ಪದ ಹುಡುಕಿದೆ. ಸಿಕ್ಕಿತು. ಸುತ್ತಮುತ್ತ ಕಂಪ್ಯೂಟರಿನ ಗುರುತುಗಳು, ನಡುವೆ ಅವರು ಹೇಳಿಕೊಟ್ಟ ಸಾಲು ಅಚ್ಚಗನ್ನಡ ಲಿಪಿಯಲ್ಲಿ, ಅವರು ತಿದ್ದಿಸಿದ ಹಾಗೇ. ಸುಮ್ನೆ ಎರಡು ನಿಮಿಷ ಅದನ್ನೇ ನೋಡುತ್ತಾ ಕೂತೆ. ಅಷ್ಟರಲ್ಲಿ ಒಕ್ಕದ ಹಿರಿಯರ ಫೋನ್ ಬಂತು.

"ಎಲ್ಲ ಹೋಯ್ತಾ ಮಗಾ?"

"ಬರೆದದ್ದು ಹೋಗಿಲ್ಲ ಅಜ್ಜ. ಪುಟ ಯಾಕೆ ತೆರೆಯುತ್ತಿಲ್ಲ ಅಂತ ನೋಡುತ್ತಿದ್ದೇನೆ. ಸಂಜೆಯವರೆಗೆ ಸಮಯ ಕೊಡಿ."

ಸ್ಕ್ರೈಬಸ್‌ನಲ್ಲಿ ಫೋಟೋಗಳು ಸಾಮಾನ್ಯವಾಗಿ ಫೈಲಿನೊಳಗೆ ಕೂರುವುದಿಲ್ಲ. ಎಲ್ಲಿವೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಹಾಗಾಗಿ ಫೋಟೋ ಫೋಲ್ಡರಿನ ಹೆಸರು ಬದಲಿಸಿದೆ. ವಿಳಾಸದಲ್ಲಿ ಫೋಟೋ ಸಿಗದೇ ಹೋದಾಗ ಪುಸ್ತಕ ತೆರೆದುಕೊಂಡಿತು! ಚೌಕಟ್ಟುಗಳೆಲ್ಲ ಖಾಲಿ, ಆದರೆ 176 ಪುಟವೂ ಇತ್ತು. ಕಳ್ಳ ಫೋಟೋಗಳ ನಡುವೆಯೇ ಇದ್ದಾನೆ ಅಂತ ಗೊತ್ತಾಯಿತು.

64 ಫೋಟೋ. ಒಂದೊಂದಾಗಿ ಹಾಕುತ್ತಾ ಕೂತರೆ ದಿನ ಹೋಗುತ್ತದೆ. ಅರ್ಧ ಹಾಕಿ ತೆರೆದೆ. ಮುಚ್ಚಿತು. ಆ 32ರಲ್ಲಿ 16 ಹಾಕಿದೆ. ತೆರೆದುಕೊಂಡಿತು, ಹಾಗಾದರೆ ಉಳಿದ 16ರಲ್ಲಿ ಇದೆ. ಹೀಗೆ 8, 4, 2. ಆರನೇ ಸಲಕ್ಕೆ ಸಿಕ್ಕಿಬಿತ್ತು. ಐನ್‌ಮನೆಯ ಮುಂದೆ ಎಲ್ಲರೂ ನಿಂತಿರುವ ಹಳೇ ಫೋಟೋದ ಸ್ಕ್ಯಾನ್. ಹಿಂದಿನ ಸಂಜೆ ಪೆನ್‌ಡ್ರೈವ್‌ನಿಂದ ನಕಲಾಗುತ್ತಿದ್ದಾಗ ಕರೆಂಟ್ ಹೋಗಿ, ಅರ್ಧವೇ ಬಂದು ನಿಂತಿದ್ದ ಟಿಫ್ ಫೈಲ್. ಮೂಲ ಫೋಟೋ ತರಿಸಿ ಮತ್ತೆ ಸ್ಕ್ಯಾನ್ ಮಾಡಿದೆ. ಪುಸ್ತಕ ತೆರೆದುಕೊಂಡಿತು.

ಎಲ್ಲರಿಗೂ ಫೋಟೋದ್ದೇ ತೊಂದರೆ ಆಗಿರಬೇಕಿಲ್ಲ. ನಮ್ಮಲ್ಲಿ ಜಾಸ್ತಿ ಕಾಟ ಕೊಡುವುದು ಫಾಂಟ್. ವಾಟ್ಸಾಪ್‌ನಲ್ಲಿ ಬಂದದ್ದನ್ನೆಲ್ಲ ಹಾಕಿಕೊಂಡಿರುತ್ತೇವೆ. ಇತ್ತೀಚೆಗೆ ಹಾಕಿದ್ದನ್ನು ಮೊದಲು ತೆಗೆದು ನೋಡಿ. ಪುಟ ಕಟ್ಟುವ ಇನ್ನೊಂದು ಸಾಫ್ಟ್‌ವೇರ್ ಇನ್‌ಡಿಸೈನ್ ಬಳಸುವವರು ವಿಂಡೋಸ್‌ನಲ್ಲಿ ಅದನ್ನು ಶುರು ಮಾಡಿದ ಕೂಡಲೇ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರೂ ಒತ್ತಿ ಹಿಡಿದರೆ ಪ್ರಿಫರೆನ್ಸ್ ಫೈಲ್ (ಸಾಫ್ಟ್‌ವೇರಿನ ಸೆಟ್ಟಿಂಗ್‌ಗಳಿರುವ ಫೈಲ್) ಅಳಿಸಬೇಕಾ ಅಂತ ಕೇಳುತ್ತದೆ. ಅಳಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ನಿಮ್ಮಲ್ಲಿ ತೆರೆಯದ ಫೈಲ್ ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆದರೆ, ಅಲ್ಲಿ ಐಡಿಎಂಎಲ್ (ಇನ್‌ಡಿಸೈನ್ ಫೈಲಿನ ಎಕ್ಸ್‌ಎಂಎಲ್ ರೂಪ) ಆಗಿ ಸೇವ್ ಮಾಡಿಸಿ ತನ್ನಿ.

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತು. ನೋಟ್‌ಪ್ಯಾಡ್‌ನಲ್ಲಿ ಆ ಹಾಡು ನನಗೆ ಓದಲು ಸಿಕ್ಕಿದ್ದು ಅದು ಯುನಿಕೋಡ್‌ನಲ್ಲಿ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಗುರುತು ಸಂಖ್ಯೆ ಇರುವ ವ್ಯವಸ್ಥೆಯಲ್ಲಿ, ಇದ್ದ ಕಾರಣಕ್ಕೆ. ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಪರದೆ ಮೇಲೆ ಮಾತ್ರ ಕನ್ನಡ. ಫಾಂಟ್ ತೆಗೆದರೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಮೇಲೆ ಗೀಟು, ಚುಕ್ಕಿ ಇರುವ ಯುರೋಪಿನ ಅಕ್ಷರಗಳ ರಾಶಿ. ಅದನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿ ವಾಪಸ್ ತರಬಹುದು, ಆದರೆ ಒತ್ತಕ್ಷರ ಎಲ್ಲಿ ತಪ್ಪಿದೆ ಅಂತ ಸಾಲು ಸಾಲಾಗಿ ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಇನ್ನೂ ಪುಟ ಕಟ್ಟುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ ಓಡುವ ಅಂಗಡಿಗಳಿವೆ. ಅದರ ಕೊನೆಯ ದೊಡ್ಡ ಆವೃತ್ತಿ 7.0 ಬಂದಿದ್ದು 2001ರಲ್ಲಿ. ಅದರ ಫೈಲುಗಳನ್ನು ಇನ್‌ಡಿಸೈನ್ ಸಿಎಸ್6ರವರೆಗೆ ತೆರೆಯುತ್ತಿತ್ತು, ಈಗಿನವು ತೆರೆಯುವುದಿಲ್ಲ. ಕೊಡವ ತಕ್ಕ್, ಅರೆಭಾಷೆಯ ಎಷ್ಟೋ ಬರಹ ಆ ಫೈಲುಗಳ ಒಳಗೇ ಇದೆ. ಬೇರೆ ಎಲ್ಲೂ ಇಲ್ಲದ್ದೂ ಇದೆ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಮೊದಲು ಸ್ಕ್ರೈಬಸ್‌ನಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ, ನಿಜ. ಈಗ ಆ ನೆಪ ಉಳಿದಿಲ್ಲ. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಕೂರುತ್ತದೆ, ದುಡ್ಡೂ ಕೊಡಬೇಕಿಲ್ಲ. ಇನ್‌ಡಿಸೈನ್‌ನಲ್ಲೂ ಯುನಿಕೋಡ್ ಕನ್ನಡ ನಡೆಯುತ್ತದೆ. ಹೊಸ ಕೆಲಸವನ್ನಾದರೂ ಯುನಿಕೋಡ್‌ನಲ್ಲಿ ಮಾಡೋಣ. ಕೆಲಸ ಮುಗಿದ ಮೇಲೆ ಗಿರಾಕಿಗೆ ಪಿಡಿಎಫ್ ಜೊತೆ ಬರಹವನ್ನೂ ಬೇರೆಯಾಗಿ ಕೊಡೋಣ. ಬರಹ ಅವರದು, ನಾವು ಪುಟ ಕಟ್ಟಿದವರು.

ಆ ಒಕ್ಕದವರಿಗೆ ಪುಸ್ತಕದ ಜೊತೆ ಎರಡು ಪೆನ್‌ಡ್ರೈವ್ ಕೊಟ್ಟೆ. ಒಂದು ಐನ್‌ಮನೆಗೆ, ಇನ್ನೊಂದು ಬೆಂಗಳೂರಿನಲ್ಲಿರುವ ಮೊಮ್ಮಗಳಿಗೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ತೆರೆಯದ ಹಳೇ ಫೈಲ್ ಇದ್ದರೆ ಅಳಿಸಬೇಡಿ. ನಕಲು ಮಾಡಿಟ್ಟು, ಫಾಂಟ್, ಫೋಟೋ ಸಮೇತ ಇಡೀ ಫೋಲ್ಡರ್ ತನ್ನಿ. ಭಾನುವಾರ ಬೆಳಿಗ್ಗೆ ನಾನು ಅಂಗಡಿಯಲ್ಲೇ ಇರುತ್ತೇನೆ, ಜೊತೆಗೆ ಕೂತು ನೋಡೋಣ. ಇದಕ್ಕೆ ದುಡ್ಡು ಬೇಡ.