ಮೂರೂವರೆ ಸಿ.ಸಿ.ಯ ಮುಂಗೋಪಿ

ಮುಷ್ಟಿಯೊಳಗೆ ಹಿಡಿಸುವಷ್ಟು ಪುಟ್ಟದಾದ ಎಂಜಿನ್ ಒಂದನ್ನು ಆರಿಸಿಕೊಳ್ಳಲು ನಾನು ತೆಗೆದುಕೊಂಡದ್ದು ಮೂರು ತಿಂಗಳು, ಅದನ್ನು ಹಾಳು ಮಾಡಲು ತೆಗೆದುಕೊಂಡದ್ದು ಎರಡು ಭಾನುವಾರ. ಈ ಲೆಕ್ಕವನ್ನು ನಾನಾಗಿ ಯಾರ ಮುಂದೆಯೂ ಹೇಳಿಕೊಂಡವನಲ್ಲ. ಆದರೆ ಆ ಮೂರು ತಿಂಗಳೂ ಊಟಕ್ಕೆ ಕುಳಿತಾಗ, ಮಲಗುವ ಮುನ್ನ, ಒಮ್ಮೊಮ್ಮೆ ನಡುರಾತ್ರಿ ಎಚ್ಚರವಾದಾಗಲೂ ಎಂಜಿನ್ನಿನೊಳಗೆ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ವಿಚಾರವನ್ನೇ ಕೇಳಿ ರೋಸಿಹೋಗಿದ್ದ ನನ್ನ ಹೆಂಡತಿ ಅದನ್ನು ಮನೆಗೆ ಬಂದವರಿಗೆಲ್ಲ ತಪ್ಪದೆ ಹೇಳುತ್ತಾಳೆ. ಬಂದವರು ನನ್ನನ್ನೊಮ್ಮೆ, ನನ್ನ ನರೆತ ಕೂದಲನ್ನೊಮ್ಮೆ, ಮೇಜಿನ ಮೇಲಿನ ಕಾರನ್ನೊಮ್ಮೆ ನೋಡಿ, ಮರ್ಯಾದಸ್ಥರಾದ್ದರಿಂದ ಏನೂ ಅನ್ನದೆ ಸುಮ್ಮನಾಗುತ್ತಾರೆ.

ರೇಡಿಯೊ ನಿಯಂತ್ರಿತ ಕಾರುಗಳ ರೇಸಿನಲ್ಲಿ ಎರಡು ಪಂಗಡಗಳಿವೆ. ಬ್ಯಾಟರಿಯವರು ವೈರು ಸಿಕ್ಕಿಸಿ, ಗುಂಡಿ ಒತ್ತಿ, ಕಾರನ್ನು ಓಡಿಸಿ, ಸಂಜೆಗೆ ಸ್ವಚ್ಛವಾದ ಬಟ್ಟೆಯಲ್ಲಿ ಮನೆಗೆ ಹೋಗುತ್ತಾರೆ. ನೈಟ್ರೊ ಎಂಜಿನ್ನಿನವರು ಹಾಗಲ್ಲ. ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ ಬೆರೆಸಿದ ಇಂಧನವನ್ನು ಕಾರಿಗೂ ಅಂಗಿಗೂ ಸಮನಾಗಿ ಕುಡಿಸಿ, ಕಿವಿಯಲ್ಲಿ ಕೀರಲು ಸದ್ದನ್ನು ತುಂಬಿಕೊಂಡು, ಓಡಿಸಿದ್ದಕ್ಕಿಂತ ಹೆಚ್ಚು ಹೊತ್ತು ರಿಪೇರಿ ಮಾಡಿ, ಪರಮ ಸಂತೋಷದಿಂದ ಹಿಂತಿರುಗುತ್ತಾರೆ. ನಾನು ಎರಡನೆಯ ಪಂಗಡವನ್ನು ಸೇರಿದ್ದು ಯಾವ ವಿವೇಚನೆಯಿಂದಲೂ ಅಲ್ಲ, ಆ ವಾಸನೆಯಿಂದ. ನೈಟ್ರೋಮೀಥೇನ್ ತನ್ನ ಅಣುವಿನಲ್ಲಿಯೇ ಆಮ್ಲಜನಕವನ್ನು ಕಟ್ಟಿಕೊಂಡು ಬರುವ ವಸ್ತು. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ ಇದಕ್ಕೆ 1.7 ಕಿಲೋ ಸಾಕು. ಆದ್ದರಿಂದ ಅಷ್ಟೇ ಗಾಳಿಯಲ್ಲಿ ಎಷ್ಟೋ ಪಾಲು ಹೆಚ್ಚು ಇಂಧನವನ್ನು ಉರಿಸಬಹುದು, ಪುಟ್ಟ ಎಂಜಿನ್ನಿನಿಂದ ಅಸಂಬದ್ಧವೆನ್ನಿಸುವಷ್ಟು ಶಕ್ತಿಯನ್ನು ಹಿಂಡಬಹುದು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲನೆಯ ತಿಂಗಳು ಪೂರ್ತಿ ವ್ಯರ್ಥವಾಯಿತು. ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ಸಹಜ ನಂಬಿಕೆಯಿಂದ ನಾನು 4.6 ಸಿ.ಸಿ.ಯ ಎಂಜಿನ್ನುಗಳನ್ನು ಹೋಲಿಸಿ, ಅಂಕಿಗಳನ್ನು ಬರೆದು, ಪಟ್ಟಿ ಮಾಡಿ, ಒಂದನ್ನು ಹೆಚ್ಚುಕಡಿಮೆ ನಿಶ್ಚಯಿಸಿಬಿಟ್ಟಿದ್ದೆ. ಟ್ರ್ಯಾಕಿನಲ್ಲಿ ಪರಿಚಯವಾದ ಹದಿನಾಲ್ಕು ವರ್ಷದ ಹುಡುಗನೊಬ್ಬ ನನ್ನ ಪಟ್ಟಿಯನ್ನು ನೋಡಿ, "ಅಂಕಲ್, ಇದು ದೊಡ್ಡ ಚಕ್ರದ ಟ್ರಕ್ಕುಗಳಿಗೆ. ನಿಮ್ಮ ಬಗ್ಗಿಯ ಕ್ಲಾಸಿನಲ್ಲಿ ಇದನ್ನು ಹಾಕಿಕೊಂಡು ಬಂದರೆ ಒಳಗೇ ಬಿಡುವುದಿಲ್ಲ," ಎಂದ. ಬಗ್ಗಿಯೆಂದರೆ ಮಣ್ಣಿನ ಟ್ರ್ಯಾಕಿನಲ್ಲಿ ಓಡುವ ಕಾರು. ನಿಜವಾದ ಕಾರಿನ ಎಂಟನೇ ಒಂದರ ಅಳತೆಯ ಬಗ್ಗಿಗೆ ನಿಯಮವೇ ಮಿತಿ ಹಾಕಿದೆ: 0.21 ಘನ ಅಂಗುಲ, ಅಂದರೆ 3.5 ಸಿ.ಸಿ. ಹತ್ತನೇ ಒಂದರ ಅಳತೆಯ ಟೂರಿಂಗ್ ಕಾರಿಗೆ ಹೆಸರಿಗೆ 0.12 ಘನ ಅಂಗುಲ, ಲೆಕ್ಕಕ್ಕೆ ಸುಮಾರು 2.1 ಸಿ.ಸಿ. ನಾನು ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದ ಪ್ರಶ್ನೆಯನ್ನು ಬೇರೆಯವರು ಎಂದೋ ತೀರ್ಮಾನಿಸಿ, ಅಚ್ಚು ಹಾಕಿಸಿ, ಎಲ್ಲರಿಗೂ ಹಂಚಿಯೂ ಆಗಿತ್ತು.

ಉಳಿದ ಎರಡು ತಿಂಗಳು ನಾನು ಪೋರ್ಟುಗಳನ್ನು ಎಣಿಸಿದೆ. ಸಿಲಿಂಡರಿನ ಒಳಗೋಡೆಯಾದ ಸ್ಲೀವಿನಲ್ಲಿ ಇಂಧನ ಒಳಬರಲು, ಹೊಗೆ ಹೊರಹೋಗಲು ಕೊರೆದ ಕಿಂಡಿಗಳೇ ಪೋರ್ಟುಗಳು. ಮೂರರವು, ಐದರವು, ಏಳರವು ಎಂದೆಲ್ಲ ಎಂಜಿನ್ನುಗಳಿರುವಾಗ ಮೂರನ್ನು ಕೊಳ್ಳಲು ನನಗೇನು ಬುದ್ಧಿಯಿಲ್ಲವೇ? ಏಳನ್ನೇ ಆರಿಸಿದೆ. ಪೆಟ್ಟಿಗೆಯ ಮೇಲೆ ಮೂರು ಅಶ್ವಶಕ್ತಿ ಎಂದೂ ನಿಮಿಷಕ್ಕೆ 40,000 ಸುತ್ತು ಎಂದೂ ಬರೆದಿತ್ತು. ಹೆಬ್ಬೆರಳಿನ ತುದಿಯಷ್ಟಿರುವ, ಹದಿನಾರು ಮಿಲಿಮೀಟರ್ ಚಿಲ್ಲರೆ ಅಗಲದ ಪಿಸ್ಟನ್ ಸೆಕೆಂಡಿಗೆ ಆರುನೂರರವತ್ತಕ್ಕೂ ಹೆಚ್ಚು ಸಲ ಮೇಲೆ ಹೋಗಿ ಕೆಳಗೆ ಬರುತ್ತದೆಂದು ನಾನು ಲೆಕ್ಕ ಹಾಕಿ ಹೆಂಡತಿಗೆ ಹೇಳಿದಾಗ ಅವಳು, "ಪಾಪ," ಎಂದಳು. ಯಾರನ್ನು ಕುರಿತು ಹೇಳಿದಳೆಂದು ನಾನು ವಿಚಾರಿಸಲಿಲ್ಲ.

ಆ ಅಶ್ವಗಳನ್ನು ಎಲ್ಲಿ ಕಟ್ಟಿಹಾಕಿದ್ದಾರೆ ಎಂಬುದನ್ನು ಕೇಳಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ. ನುಣ್ಣನೆಯ ಟ್ರ್ಯಾಕಿನಲ್ಲಿ ಉದ್ದಕ್ಕೆ ಓಡುವ ಕಾರಿಗೆ ಮೇಲಿನ ಸುತ್ತುಗಳಲ್ಲಿ ಶಕ್ತಿ ಬೇಕು. ಮಣ್ಣಿನ ಟ್ರ್ಯಾಕಿನಲ್ಲಿ ತಿರುವಿನಿಂದ ಎದ್ದು, ನಾಲ್ಕು ಅಡಿ ಓಡಿ, ದಿಬ್ಬ ಹಾರಿ, ಮತ್ತೆ ತಿರುಗಬೇಕಾದ ಬಗ್ಗಿಗೆ ಕೆಳಗಿನ ಸುತ್ತುಗಳಲ್ಲಿ, ಅದೂ ಹದವಾಗಿ ಏರುವಂತೆ ಶಕ್ತಿ ಸಿಗಬೇಕು. ನನ್ನದು ಅರ್ಧ ಥ್ರಾಟಲಿನವರೆಗೆ ಮೌನವ್ರತ ಹಿಡಿದು, ಆಮೇಲೆ ಒಮ್ಮೆಲೇ ಹುಚ್ಚೆದ್ದು ಕಾರನ್ನು ಬೇಲಿಗೆ ಒಯ್ಯುತ್ತಿತ್ತು. ಪೋರ್ಟುಗಳ ಸಂಖ್ಯೆಗಿಂತ ಅವು ತೆರೆದು ಮುಚ್ಚುವ ಸಮಯ ಮುಖ್ಯವೆಂದೂ, ಅದಕ್ಕೆ ಕ್ರ್ಯಾಂಕ್‌ಶಾಫ್ಟೂ ಹೊಗೆಯ ಪೈಪೂ ಒಪ್ಪಬೇಕೆಂದೂ ಹುಡುಗ ವಿವರಿಸಿದ. ಅದಕ್ಕೂ ಮೊದಲು, ಎಂಜಿನ್ ಕೊಳ್ಳುವ ವಾರ, ಅವನು ಒಂದೇ ಮಾತು ಹೇಳಿದ್ದ: "ಅಂಕಲ್, ನಿಮಗೆ ಬೇಕಾಗಿರುವುದು ಚೆನ್ನಾಗಿ ಐಡಲ್ ಆಗುವ ಎಂಜಿನ್." ಸುಮ್ಮನೆ ನಿಂತಲ್ಲಿ ಗುರುಗುಟ್ಟುವುದಕ್ಕೆ ಯಾರಾದರೂ ರೇಸಿಂಗ್ ಎಂಜಿನ್ ಕೊಳ್ಳುತ್ತಾರೆಯೇ ಎಂದು ನಾನು ಮನಸ್ಸಿನಲ್ಲಿಯೇ ನಕ್ಕಿದ್ದೆ.

ಪೆಟ್ಟಿಗೆ ತೆರೆದಾಗ ಎಂಜಿನ್ ಇತ್ತು. ಅದನ್ನು ಬಿಟ್ಟು ಬೇರೇನೂ ಇರಲಿಲ್ಲ. ಹಗ್ಗ ಎಳೆದು ಹೊತ್ತಿಸುವ ಪುಲ್ ಸ್ಟಾರ್ಟ್ ಹವ್ಯಾಸದ ಎಂಜಿನ್ನುಗಳಿಗೆ ಮಾತ್ರವಂತೆ. ರೇಸಿನವಕ್ಕೆ ತೂಕ ಉಳಿಸಲು ಅದನ್ನು ಕೊಡುವುದಿಲ್ಲ, ಕಾರನ್ನು ಸ್ಟಾರ್ಟರ್ ಬಾಕ್ಸಿನ ಮೇಲೆ ಒತ್ತಿ ಹಿಡಿದು ಹೊತ್ತಿಸಬೇಕು. ಆ ಬಾಕ್ಸ್, ಅದಕ್ಕೊಂದು ಬ್ಯಾಟರಿ, ಗ್ಲೋ ಪ್ಲಗ್ಗು, ಪ್ಲಗ್ಗನ್ನು ಕೆಂಪಾಗಿಸುವ ಇಗ್ನೈಟರ್, ಪೈಪು, ಕ್ಲಚ್ಚು, ಗಾಳಿಯ ಫಿಲ್ಟರು, ತಾಪ ನೋಡುವ ಥರ್ಮಾಮೀಟರು ಹೀಗೆ ಒಬ್ಬನನ್ನು ಕರೆದದ್ದಕ್ಕೆ ಅವನ ಇಡೀ ವಂಶ ಗಂಟುಮೂಟೆ ಸಮೇತ ಬಂದು ಇಳಿದಂತಾಯಿತು.

ಇನ್ನು ಹೇರ್ ಡ್ರೈಯರಿನ ಪ್ರಕರಣ. ಈ ಎಂಜಿನ್ನಿನ ಪಿಸ್ಟನ್ನಿಗೆ ರಿಂಗುಗಳಿಲ್ಲ. ಕ್ರೋಮ್ ಲೇಪಿಸಿದ ಹಿತ್ತಾಳೆಯ ಸ್ಲೀವು ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಕಿರಿದಾಗಿರುತ್ತದೆ. ಓಡುವಾಗ ಆ ಭಾಗವೇ ಹೆಚ್ಚು ಬಿಸಿಯಾಗಿ ಹಿಗ್ಗುವುದರಿಂದ ಪಿಸ್ಟನ್ನಿಗೆ ಸರಿಯಾದ ಜಾಗ ಸಿಗುತ್ತದೆ. ತಣ್ಣಗಿರುವಾಗ ಮಾತ್ರ ಪಿಸ್ಟನ್ ಮೇಲೇರಿ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಹೊಸತನ್ನು ತಣ್ಣಗೆ ಹೊತ್ತಿಸುವುದೆಂದರೆ ಅದರ ಆಯುಸ್ಸನ್ನು ಉಜ್ಜಿ ತೆಗೆದಂತೆ. ಆದ್ದರಿಂದ ಮೊದಲೇ ಬಿಸಿ ಮಾಡಬೇಕು, ಮಾಡಲು ಹೇರ್ ಡ್ರೈಯರ್ ಬೇಕು, ಮನೆಯಲ್ಲಿ ಇದ್ದದ್ದು ಒಂದೇ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಾನು ಹಿತ್ತಿಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಎಂಜಿನ್ನಿಗೆ ಟವೆಲ್ ಸುತ್ತಿ, ಎಳೆಯ ಮಗುವಿಗೆ ತಲೆ ಒಣಗಿಸುವಂತೆ ಬಿಸಿಗಾಳಿ ಹಿಡಿದಿದ್ದಾಗ ಬಾಗಿಲಿನಿಂದ, "ರೀ, ನನ್ನ ಡ್ರೈಯರ್ ನೋಡಿದಿರಾ?" ಎಂಬ ಪ್ರಶ್ನೆ ಬಂತು, ಪ್ರಶ್ನೆಯ ಹಿಂದೆಯೇ ಒದ್ದೆ ತಲೆಯೂ ಬಂತು. ಎರಡು ನಿಮಿಷ ಕೊಡು ಎಂದೆ. ಅವಳು ಕೊಟ್ಟಳು. ಆದರೆ ಅಷ್ಟರಲ್ಲಿ ಡ್ರೈಯರಿನ ಬಾಯಿಗೆ ಇಂಧನದ ಎಣ್ಣೆ ತಗುಲಿ, ಅಂದಿನಿಂದ ಅದು ಊದಿದಾಗಲೆಲ್ಲ ಸುಟ್ಟ ಹರಳೆಣ್ಣೆಯ ಗಾಳಿಯನ್ನೇ ಊದುತ್ತಿದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನ್ನ ಹೆಂಡತಿಯ ಮುಡಿಯಿಂದ ರೇಸಿನ ವಾಸನೆ ಬಂದದ್ದು ನನಗೆ ಮೆಚ್ಚುಗೆಯಾಯಿತೆಂದು ಬಾಯಿ ತಪ್ಪಿ ಹೇಳಿದೆ. ಆ ವಾರದ ಉಳಿದ ಮಾತುಕತೆಯನ್ನು ಇಲ್ಲಿ ಬರೆಯುವುದು ಅನಗತ್ಯ.

ಪಳಗಿಸುವ ಕೆಲಸ ಇನ್ನೂ ಇತ್ತು. ಹೊಸ ಎಂಜಿನ್ನಿಗೆ ಹಲವು ಟ್ಯಾಂಕ್ ಇಂಧನವನ್ನು ರಿಚ್ ಆಗಿ, ಅಂದರೆ ಗಾಳಿಗಿಂತ ಇಂಧನವೇ ಮುಂದಾಗಿರುವಂತೆ ಕುಡಿಸಿ, ಬಿಸಿಯಾಗಲು ಬಿಟ್ಟು, ನಿಲ್ಲಿಸಿ, ಪಿಸ್ಟನ್ನನ್ನು ಕೆಳಗಿಳಿಸಿಟ್ಟು ತಣ್ಣಗಾಗಲು ಬಿಟ್ಟು, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಎರಡು ಟ್ಯಾಂಕಿಗೇ ನನ್ನ ತಾಳ್ಮೆ ಮುಗಿಯಿತು.

ಮೊದಲ ಭಾನುವಾರ ಟ್ರ್ಯಾಕಿನಲ್ಲಿ ಅದು ತಿರುವಿಗೊಮ್ಮೆ ಆರಿಹೋಯಿತು. ಆರಿದ ಎಂಜಿನ್ನನ್ನು ಟ್ರ್ಯಾಕಿನಲ್ಲಿಯೇ ಹೊತ್ತಿಸುವಂತಿಲ್ಲ. ಟ್ರ್ಯಾಕಿನ ಉಸ್ತುವಾರಿಗೆ ನಿಂತ ಮಾರ್ಷಲ್ ಅದನ್ನು ಎತ್ತಿಕೊಂಡು, ಇಂಧನ ತುಂಬಿಸುವ, ರಿಪೇರಿ ಮಾಡುವ ಜಾಗವಾದ ಪಿಟ್ಟಿಗೆ ಒಯ್ಯಬೇಕು. ಆ ದಿನ ನನ್ನ ಕಾರು ಚಕ್ರದ ಮೇಲೆ ಓಡಿದ್ದಕ್ಕಿಂತ ಮಾರ್ಷಲ್‌ಗಳ ಕಂಕುಳಲ್ಲಿ ಪ್ರಯಾಣ ಮಾಡಿದ್ದೇ ಹೆಚ್ಚು. ಹುಡುಗ ತನ್ನ ರೇಸಿಗೆ ಓಡುತ್ತಾ, "ಅಂಕಲ್, ಹೈ ಸ್ಪೀಡ್ ನೀಡಲ್ ಒಂದು ಗಂಟೆ ರಿಚ್ ಮಾಡಿ," ಎಂದು ಕೂಗಿ ಹೋದ. ನಾನು ವಿಧೇಯನಾಗಿ, ಇಂಧನದ ಹರಿವನ್ನು ಹೆಚ್ಚುಕಡಿಮೆ ಮಾಡುವ ಆ ಸೂಜಿಯ ಸ್ಕ್ರೂವನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಕೈಗಡಿಯಾರ ನೋಡಿಕೊಂಡು, ಎಂಜಿನ್ನನ್ನು ಓಡಲು ಬಿಟ್ಟು, ಪಕ್ಕದಲ್ಲಿಯೇ ಕುಳಿತೆ. ಟ್ಯಾಂಕು ಬರಿದಾದಾಗಲೆಲ್ಲ ತುಂಬಿಸಿದೆ. ಅಕ್ಕಪಕ್ಕದ ಮೇಜಿನವರು ಒಬ್ಬೊಬ್ಬರಾಗಿ ಕೆಮ್ಮಿ ಎದ್ದುಹೋದರು. ಹುಡುಗ ಮರಳಿ ಬಂದು, ಹೊಗೆಯೊಳಗೆ ನನ್ನನ್ನು ಹುಡುಕಿ, ಇದೇನು ಎಂದು ಕೇಳಿದ. "ಇನ್ನೂ ಇಪ್ಪತ್ತು ನಿಮಿಷವಿದೆ," ಎಂದೆ. ಅವನು ಹೇಳಿದ ಗಂಟೆ ಕಾಲದ್ದಲ್ಲವಂತೆ, ಗಡಿಯಾರದ ಮುಖದ್ದಂತೆ. ಹನ್ನೆರಡರಿಂದ ಹನ್ನೊಂದಕ್ಕೆ, ಅಂದರೆ ಸುತ್ತಿನ ಹನ್ನೆರಡನೇ ಒಂದು ಪಾಲು ತಿರುಗಿಸಬೇಕಿತ್ತಂತೆ. ಸೂಜಿ ಇಷ್ಟು ಸೂಕ್ಷ್ಮ ಎಂದು ತಿಳಿದದ್ದು ಅಂದು.

ಮರುವಾರ ನಾನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದೆ. ಒಂದು ಗಂಟೆ ತಿರುಗಿಸಿದಾಗ ಕಾರು ಚುರುಕಾಯಿತು. ಎರಡಕ್ಕೆ ಇನ್ನೂ ಚುರುಕಾಯಿತು. ಮೂರಕ್ಕೆ ಹೊಗೆ ನಿಂತು, ಸದ್ದು ಕೊಳಲಿನಂತೆ ತೆಳುವಾಗಿ, ಕಾರು ನೇರ ದಾರಿಯಲ್ಲಿ ಎಲ್ಲರನ್ನೂ ದಾಟಿತು. ಆರುವ ದೀಪ ಜೋರಾಗಿ ಉರಿಯುತ್ತದೆಂಬುದು ನನಗೆ ಗೊತ್ತಿಲ್ಲದ ಮಾತೇನಲ್ಲ, ಆದರೆ ಆ ಕ್ಷಣದಲ್ಲಿ ನೆನಪಾಗಲಿಲ್ಲ. ನಮ್ಮ ಆಡುಮಾತಿನಲ್ಲಿ ಹೊಗೆ ಹಾಕಿಸಿಕೊಂಡ ಎಂದರೆ ಕಥೆ ಮುಗಿಯಿತೆಂದು ಅರ್ಥ. ಈ ಎಂಜಿನ್ನಿನ ನ್ಯಾಯ ತಿರುಗುಮುರುಗು: ಬಾಲದಲ್ಲಿ ತೆಳುವಾದ ನೀಲಿ ಹೊಗೆ ಇರುವವರೆಗೆ ಅದು ಆರೋಗ್ಯವಾಗಿದೆ, ಹೊಗೆ ನಿಂತರೆ ಅದರ ಕಥೆ ಮುಗಿಯುತ್ತಿದೆ. ಎಣ್ಣೆ ಬರುವುದು ಇಂಧನದ ಜೊತೆಯಲ್ಲಿಯೇ ತಾನೇ? ಇಂಧನವನ್ನು ಕಡಿಮೆ ಮಾಡಿದವನು ಎಣ್ಣೆಯನ್ನೂ ಕಡಿಮೆ ಮಾಡಿದಂತೆ. ಮೂರನೆಯ ಸುತ್ತಿನಲ್ಲಿ 'ಟಕ್' ಎಂದಿತು. ಥರ್ಮಾಮೀಟರ್ ಹಿಡಿದಾಗ, ನೂರರಿಂದ ನೂರ ಇಪ್ಪತ್ತು ಡಿಗ್ರಿ ಇರಬೇಕಾದ ತಲೆ 148 ತೋರಿಸುತ್ತಿತ್ತು.

ಹುಡುಗ ಮೊದಲು ಪ್ಲಗ್ಗನ್ನು ಬಿಚ್ಚಿದ. ಇದರಲ್ಲಿ ಕಿಡಿ ಹಾರುವುದಿಲ್ಲ. ಪ್ಲಾಟಿನಮ್ ಬೆರೆತ ಪುಟ್ಟ ಸುರುಳಿ ತಂತಿಯನ್ನು ಒಂದೂವರೆ ವೋಲ್ಟಿನಷ್ಟು ವಿದ್ಯುತ್ತಿನಿಂದ ಒಮ್ಮೆ ಕೆಂಪಾಗಿಸಿದರೆ ಸಾಕು, ಆಮೇಲೆ ಮೆಥನಾಲಿನ ಜೊತೆಗಿನ ಅದರ ರಾಸಾಯನಿಕ ಸಖ್ಯವೂ ಒತ್ತಡದ ಬಿಸಿಯೂ ಅದನ್ನು ಕೆಂಪಾಗಿಯೇ ಇರಿಸುತ್ತವೆ. ತಂತಿ ಒದ್ದೆಯಾಗಿ ಹೊಳೆಯುತ್ತಿದ್ದರೆ ರಿಚ್, ಬೂದುಬಣ್ಣಕ್ಕೆ ತಿರುಗಿ ಮುದುಡಿದ್ದರೆ ಲೀನ್, ಅಂದರೆ ಇಂಧನ ಕಡಿಮೆ, ಎಂದು ನಾನು ಓದಿಕೊಂಡಿದ್ದೆ. ಪ್ಲಗ್ಗಿನೊಳಗೆ ಇಣುಕಿದೆ. ಒಂದು ಗುಳಿ ಮಾತ್ರ ಇತ್ತು.

"ತಂತಿ ಎಲ್ಲಿ?"

"ಎಂಜಿನ್ ನುಂಗಿದೆ ಅಂಕಲ್," ಎಂದ ಅವನು, ವೈದ್ಯರು ಹೊರಗೆ ಬಂದು ಹೇಳುವ ದನಿಯಲ್ಲಿ. ಹಿಂಬದಿಯ ಮುಚ್ಚಳ ತೆಗೆದಾಗ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಎರಡು ತುಂಡಾಗಿ, ಒಂದು ತುಂಡು ನನ್ನ ಅಂಗೈಗೆ ಬಿತ್ತು, ಇನ್ನೂ ಬಿಸಿಯಿತ್ತು. ಏಳು ಪೋರ್ಟುಗಳಲ್ಲಿ ಐದರ ಅಂಚು ಕಿತ್ತುಬಂದಿತ್ತು. ನನ್ನ ಬಳಿ ಆಗ ನಿಜವಾಗಿಯೂ ಎರಡು ಪೋರ್ಟಿನ ಎಂಜಿನ್ ಇತ್ತು.

ಎರಡನೆಯದನ್ನು ಆರಿಸಲು ಒಂದು ಮಧ್ಯಾಹ್ನ ಹಿಡಿಯಿತು. ಹುಡುಗನ ಜೊತೆ ಪಿಟ್ಟಿನ ಮೇಜುಗಳ ನಡುವೆ ನಡೆದು, ನಮ್ಮ ಕ್ಲಾಸಿನಲ್ಲಿ ಹೆಚ್ಚು ಜನ ಇಟ್ಟುಕೊಂಡಿದ್ದ ಮಾದರಿ ಯಾವುದೆಂದು ನೋಡಿದೆವು. ಅದನ್ನೇ ಕೊಂಡರೆ ಪ್ಲಗ್ಗು ಮುಗಿದಾಗ ಸಾಲ ಸಿಗುತ್ತದೆ, ಬೇರಿಂಗು ಹೋದರೆ ಬಿಡಿಭಾಗ ಸಿಗುತ್ತದೆ, ಸೂಜಿ ಎಷ್ಟು ಸುತ್ತಿನಲ್ಲಿರಬೇಕೆಂದು ಪಕ್ಕದವನನ್ನು ಕೇಳಬಹುದು. ಪೋರ್ಟು ಐದು; ಪೆಟ್ಟಿಗೆಯ ಮೇಲಿನ ಅಶ್ವಗಳ ಸಂಖ್ಯೆಯನ್ನು ನಾನು ಓದಲೇ ಇಲ್ಲ. ಹುಡುಗ ಅಂಥದೇ ಒಂದನ್ನು ಒಂದು ಸುತ್ತು ಜೋರಾಗಿ ಓಡಿಸಿ, ತಂದು ನೆಲದ ಮೇಲೆ ನಿಲ್ಲಿಸಿ, ಬಾಯಲ್ಲಿ ಹತ್ತರವರೆಗೆ ಎಣಿಸಿ, ಥ್ರಾಟಲ್ ಒತ್ತಿದ. ಕಾರು ತಡವರಿಸದೆ ಹಾರಿತು. ಕಾರ್ಬ್ಯುರೇಟರಿನ ಬಾಯಿಗೆ ಗಾಳಿಯ ದಾರಿಯನ್ನು ಕಿರಿದಾಗಿಸುವ ಆರೂವರೆ ಮಿಲಿಮೀಟರಿನ ಇನ್ಸರ್ಟ್ ಹಾಕಿಕೊಳ್ಳಿ, ಸ್ವಲ್ಪ ಶಕ್ತಿ ಹೋದರೂ ಇಂಧನ ಹೆಚ್ಚು ಹೊತ್ತು ಬರುತ್ತದೆ ಎಂದ. ಮೂರು ತಿಂಗಳ ಪಟ್ಟಿಗಳಲ್ಲಿ ಈ ಹತ್ತು ಎಣಿಸುವ ಅಂಕಣ ಒಂದರಲ್ಲಿಯೂ ಇರಲಿಲ್ಲ. ಈ ಸಲ ಪೂರ್ತಿಯಾಗಿ ಪಳಗಿಸಿದೆ. ಬಿಸಿ ಮಾಡಲು, ಈಗಾಗಲೇ ನನ್ನ ಪಾಲಿಗೆ ಬಂದಿದ್ದ ಹಳೆಯ ಡ್ರೈಯರ್ ಇತ್ತು.

ಅದರ ಮೊದಲ ರೇಸಿನಲ್ಲಿ ಅದು ಆರಲಿಲ್ಲ. ಮೂರನೆಯ ನಿಮಿಷದಲ್ಲಿಯೂ ಆರಲಿಲ್ಲ, ಐದನೆಯದರಲ್ಲಿಯೂ ಆರಲಿಲ್ಲ. ಬಾಲದಲ್ಲಿ ನೀಲಿ ಗೆರೆ ಎಳೆಯುತ್ತಾ, ದಿಬ್ಬದಿಂದ ದಿಬ್ಬಕ್ಕೆ ಹಾರುತ್ತಾ, ನಾನು ಬಾಳಿನಲ್ಲಿ ಮೊದಲ ಬಾರಿಗೆ ಮೂರನೆಯ ಸ್ಥಾನದಲ್ಲಿದ್ದೆ. ಏಳನೆಯ ನಿಮಿಷದಲ್ಲಿ ಪಿಟ್ಟಿನ ಅಂಚಿನಲ್ಲಿ ನಿಂತಿದ್ದ ಹುಡುಗ ಇಂಧನದ ಬಾಟಲಿಯನ್ನು ಮೇಲೆತ್ತಿ ಅಲ್ಲಾಡಿಸಿದ. ಹುರಿದುಂಬಿಸುತ್ತಿದ್ದಾನೆಂದು ತಿಳಿದು ನಾನೂ ಗೌರವದಿಂದ ತಲೆಯಾಡಿಸಿದೆ. ಎಂಟನೆಯ ನಿಮಿಷದಲ್ಲಿ ಅವನು ಎರಡೂ ಕೈಯೆತ್ತಿ ಕುಣಿಯತೊಡಗಿದ. ಮಕ್ಕಳ ಸಂತೋಷವೇ ಸಂತೋಷ ಎಂದುಕೊಂಡೆ. 125 ಸಿ.ಸಿ.ಯ ಟ್ಯಾಂಕು ಖಾಲಿಯಾಗುವುದೊಂದುಂಟು ಎಂಬುದೇ ನನ್ನ ತಲೆಯಲ್ಲಿರಲಿಲ್ಲ, ಏಕೆಂದರೆ ಅಲ್ಲಿಯವರೆಗೆ ರೇಸಿನಲ್ಲಿ ನನ್ನ ಯಾವ ಎಂಜಿನ್ನೂ ಅಷ್ಟು ಹೊತ್ತು ಬದುಕಿರಲಿಲ್ಲ. ಕಾರು ಅತ್ಯಂತ ದೂರದ ತಿರುವಿನಲ್ಲಿ ಸದ್ದಿಲ್ಲದೆ ನಿಂತಿತು.

ಮಾರ್ಷಲ್ ಅದನ್ನು ಕಂಕುಳಲ್ಲಿ ಹೊತ್ತು ತಂದು ಮೇಜಿನ ಮೇಲಿಟ್ಟರು. ನಾನು ಅಭ್ಯಾಸಬಲದಿಂದ ಥರ್ಮಾಮೀಟರ್ ಹಿಡಿದೆ. 112 ತೋರಿಸಿತು.

"ಎಂಜಿನ್ ಚೆನ್ನಾಗಿದೆ ಅಂಕಲ್," ಎಂದ ಹುಡುಗ, ಬಾಟಲಿಗೆ ಮುಚ್ಚಳ ಹಾಕುತ್ತಾ.