ಎಲ್ಲರಿಗೂ ಬರಲಿ

ಹಾಂಕಾಂಗಿನಿಂದ ಮರಳಿ ನಾಲ್ಕು ದಿನಗಳಾದರೂ, ಊಟಕ್ಕೆ ಕುಳಿತಾಗ ಯಾರಾದರೂ “ಎಲ್ಲರಿಗೂ ಬರಲಿ” ಎಂದರೆ ನನ್ನ ಕೈ ತಾನಾಗಿಯೇ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಇದಕ್ಕೆ ಕಾರಣರು ನಮ್ಮ ಭಾವನವರು.

ಸಿಗಡಿ ತುಂಬಿದ ಪುಟ್ಟ ಕಡುಬುಗಳಿರುವ ವಾನ್‌ಟನ್ ನೂಡಲ್ಸ್‌ಗೆ ಹೋಗಲೇಬೇಕಾದ ಅಂಗಡಿಗಳನ್ನು ನಾನು ಹೊರಡುವ ಮೊದಲೇ ಬರೆದಿಟ್ಟುಕೊಂಡಿದ್ದೆ: ವೆಲ್ಲಿಂಗ್ಟನ್ ರಸ್ತೆಯ ಮ್ಯಾಕ್ಸ್ ನೂಡಲ್, 1946ರಲ್ಲಿ ಆರಂಭವಾದ ಹೋ ಹಂಗ್ ಕೀ, ದಪ್ಪ ಬಿದಿರಿನ ಮೇಲೆ ಕುಳಿತು ಕುಪ್ಪಳಿಸುತ್ತ ಹಿಟ್ಟನ್ನು ಹದಗೊಳಿಸುವ ಹಳೆಯ ಪದ್ಧತಿಗೆ ಹೆಸರಾದ ಶಾಮ್ ಶುಯಿ ಪೋದ ಲಾವ್ ಸಮ್ ಕೀ. ನಮ್ಮ ಫಜೀತಿ ನಡೆದದ್ದು ಇವುಗಳಾವುದರಲ್ಲೂ ಅಲ್ಲ, ಇನ್ನೊಂದು ಪುಟ್ಟ ಅಂಗಡಿಯಲ್ಲಿ. ಅದರ ಹೆಸರು ಬೇಡ, ತಪ್ಪು ಅಂಗಡಿಯವರದ್ದಂತೂ ಅಲ್ಲ.

ಈ ನೂಡಲ್ಸ್‌ಗೆ ಕಾಯುವ ಗುಣವಿಲ್ಲ. ಬಾತುಕೋಳಿಯ ಮೊಟ್ಟೆ ಮತ್ತು ಕ್ಷಾರದ ನೀರು ಸೇರಿಸಿ ಮಾಡಿದ, ಶಾವಿಗೆಯಷ್ಟು ತೆಳುವಾದ ಎಳೆಗಳನ್ನು ಕೆಲವೇ ಕ್ಷಣ ಕುದಿಸಿ, ತಣ್ಣೀರಿನಲ್ಲಿ ಅದ್ದಿ, ಮತ್ತೆ ಬಿಸಿನೀರು ತೋರಿಸಿ ಬಟ್ಟಲಿಗಿಳಿಸುತ್ತಾರೆ. ತಳದಲ್ಲಿ ಚಮಚ, ಅದರ ಮೇಲೆ ಸಿಗಡಿ ತುಂಬಿದ ವಾನ್‌ಟನ್, ಎಲ್ಲಕ್ಕಿಂತ ಮೇಲೆ ನೂಡಲ್ಸ್. ಸಾರಿನಲ್ಲಿ ಮುಳುಗಿ ಮೆತ್ತಗಾಗಬಾರದೆಂದೇ ಈ ಜೋಡಣೆ. ಇಷ್ಟೆಲ್ಲ ಮುತುವರ್ಜಿ ವಹಿಸಿದವರು ಭಾವನವರೊಬ್ಬರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೊದಲ ಬಟ್ಟಲು ನನ್ನ ಮುಂದೆ ಬಂತು. ನಂಗಿನ ಜಾತಿಯ ಚಪ್ಪಟೆ ಒಣಮೀನನ್ನು ಹಾಕಿ ಕುದಿಸಿದ ಆ ಸಾರಿನ ಘಮಕ್ಕೆ ಕುಂದಾಪುರದವನಾದ ನಾನು ಕರಗಿಹೋಗಿ ಕಡ್ಡಿಗಳನ್ನೆತ್ತಿದೆನಷ್ಟೇ, “ತಡಿ ಮಾರಾಯ, ಎಲ್ಲರಿಗೂ ಬರ್ಲಿ” ಎಂದರು ಭಾವ. ಎರಡನೆಯದು ಅಳಿಯನಿಗೆ ಬಂತು, ಅವನಿಗೂ ಅದೇ ಅಪ್ಪಣೆಯಾಯಿತು. ಮೂರನೆಯದು ಅಕ್ಕನಿಗೆ ಬರುವಷ್ಟರಲ್ಲಿ ನನ್ನ ನೂಡಲ್ಸ್ ಸಾರನ್ನೆಲ್ಲ ಹೀರಿ ಉಬ್ಬತೊಡಗಿತ್ತು. ಅಲ್ಲಿನ ರೂಢಿಯಂತೆ ನಮ್ಮ ಮೇಜಿನಲ್ಲೇ ಜಾಗ ಹಂಚಿಕೊಂಡ ಅಪರಿಚಿತ ವೃದ್ಧರೊಬ್ಬರು, ನಮಗಿಂತ ತಡವಾಗಿ ಬಂದವರು, ತಮ್ಮ ಬಟ್ಟಲಿಗೆ ಕೆಂಪು ವಿನೆಗರ್ ಹನಿಸಿ, ಸೊರಸೊರನೆ ತಿಂದು, ನಾಲ್ಕು ಮುಟ್ಟದ ಕಡ್ಡಿಜೋಡಿಗಳನ್ನು ಒಮ್ಮೆ ಮರುಕದಿಂದ ನೋಡಿ, ಹಣ ಕೊಟ್ಟು ಹೊರಟೇಹೋದರು. ಬಡಿಸುವ ಹೆಂಗಸು ಬಂದು ನನ್ನ ಬಟ್ಟಲನ್ನೂ ಬಾಯಿಯನ್ನೂ ಬೆರಳಿನಿಂದ ಸರದಿಯಾಗಿ ತೋರಿಸಿದಳು. ಅದನ್ನು ಉಪಚಾರವೆಂದು ತಿಳಿದ ಭಾವನವರು ಎದ್ದುನಿಂತು ಕೈಮುಗಿದರು. ಆಕೆ ಮೇಜನ್ನು ಟಕಟಕ ಕುಟ್ಟಿದಳು. ಭಾವನವರು ಇನ್ನೊಮ್ಮೆ ಕೈಮುಗಿದರು.

ಅವರನ್ನು ಪೂರ್ತಿಯಾಗಿ ದೂರಲೂ ಮನಸ್ಸು ಬರುವುದಿಲ್ಲ. ಅಜ್ಜಿಯ ಮನೆಯ ಪಂಕ್ತಿಯಲ್ಲಿ ಕೊನೆಯ ಎಲೆಗೆ ಅನ್ನ ಬೀಳುವವರೆಗೆ ನಾವೂ ಕೈಕಟ್ಟಿ ಕುಳಿತವರೇ. ಕುಚ್ಚಲಕ್ಕಿಯ ಅನ್ನ ಪಾಪ, ಎಷ್ಟು ಹೊತ್ತಾದರೂ ನಮಗಾಗಿ ಕಾಯುತ್ತಿತ್ತು. ಬಡಿಸುತ್ತಿದ್ದ ಅಜ್ಜಿ ಮಾತ್ರ ಆ “ಎಲ್ಲರ” ಲೆಕ್ಕದಲ್ಲಿ ಎಂದೂ ಇರುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆ ಮೇಜಿನ ಮುಂದೆ, ಉಬ್ಬಿದ ನೂಡಲ್ಸನ್ನು ನೋಡುತ್ತ ಕುಳಿತಾಗ.

ಕೊನೆಗೂ ನಾಲ್ಕನೆಯ ಬಟ್ಟಲು ಹೊಗೆಯಾಡುತ್ತ ಬಂದು ಭಾವನವರ ಮುಂದೆ ಕುಳಿತಿತು. ಅವರು “ಹ್ಞಾಂ, ಈಗ ಶುರು ಮಾಡಿ” ಎಂದು ಅಪ್ಪಣೆ ಕೊಟ್ಟು, ಗರಿಗರಿಯಾದ ಎಳೆಗಳನ್ನು ಕಚ್ಚಿ ಕಣ್ಣು ಮುಚ್ಚಿದರು. ನಾನು ನನ್ನ ಗಂಜಿಯಲ್ಲಿ ಚಮಚ ಹುಡುಕುತ್ತಿದ್ದೆ.

“ಎಂಥ ಹದ ಮಾರಾಯ! ನಿಂದೂ ಹೀಗೇ ಇತ್ತಲ್ದಾ?” ಎಂದು ಕೇಳಿದರು.