ಎಕ್ಸ್‌ಪ್ರೆಸ್‌ವೇ ಬಂದ್ಮೇಲೇನಾ ಮೈಸೂರಿಗೆ ಕೆಲಸ ಬಂದಿದ್ದು? ಒಂದು ಸ್ಪಷ್ಟನೆ

ವಾಟ್ಸಾಪಲ್ಲಿ ಒಂದು ಮೆಸೇಜ್ ಸುತ್ತುತಿದೆ, "2023ರ ಎಕ್ಸ್‌ಪ್ರೆಸ್‌ವೇಗಿಂತ ಮುಂಚೆ ಮೈಸೂರು ಬರೀ ಪೆನ್ಷನರ್ಸ್ ಊರು, ಕೆರೆ ಪಾರ್ಕಿಗೆ ಹಾಕಿದ ದುಡ್ಡೆಲ್ಲಾ ದಂಡ" ಅಂತ. ಇದು ತಪ್ಪು.

ಈ ಬೆಂಗಳೂರು-ಮೈಸೂರು ಹೈವೇ ಉದ್ಘಾಟನೆ ಆಗಿದ್ದು 2023ರ ಮಾರ್ಚಲ್ಲಿ, ಆದ್ರೆ ಮೈಸೂರಿನ ಹೆಬ್ಬಾಳದ ಹತ್ರ ಇನ್ಫೋಸಿಸ್ ಟ್ರೈನಿಂಗ್ ಸೆಂಟರ್ ಶುರುವಾಗಿದ್ದು 2005ರಲ್ಲೇ, ರೇಷ್ಮೆ ಫ್ಯಾಕ್ಟರಿ 1912, ಯೂನಿವರ್ಸಿಟಿ 1916, ಆಹಾರ ಸಂಶೋಧನೆ ಮಾಡೋ ಸಿಎಫ್‌ಟಿಆರ್‌ಐ 1950, ನೋಟು ಪ್ರೆಸ್ಸೂ ತೊಂಬತ್ತರ ದಶಕದ್ದು. ಇವೆಲ್ಲಾ ಯಾವ ಹೈವೇ ನೋಡ್ಕೊಂಡು ಬಂದ್ವು ಸ್ವಾಮಿ?

ಊರು ಚೆನ್ನಾಗಿರೋದೂ ಬಂಡವಾಳನೇ. 1903ರಲ್ಲೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿ ಬಡಾವಣೆ, ಚರಂಡಿ, ಅಗಲ ರಸ್ತೆ ಅಂತ ಪ್ಲಾನ್ ಹಾಕಿದ್ರು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹೋಗಿ ನೋಡಿ, ಯೂನಿವರ್ಸಿಟಿ ಕ್ಯಾಂಪಸ್ ಮಾನಸಗಂಗೋತ್ರಿಯ ಮೇಷ್ಟ್ರು, ಲ್ಯಾಬಲ್ಲಿ ಕೆಲಸ ಮಾಡೋರು, ಬೆಂಗಳೂರಿಂದ ಮನೆ ಶಿಫ್ಟ್ ಮಾಡಿದ ಐಟಿ ಹುಡುಗ್ರು ಎಲ್ಲಾ ಅಲ್ಲೇ ಸಿಗ್ತಾರೆ, ಸಂಬಳ ಸ್ವಲ್ಪ ಕಮ್ಮಿ ಆದ್ರೂ ಪರ್ವಾಗಿಲ್ಲ ಇಲ್ಲೇ ಇರ್ತೀವಿ ಅನ್ನೋ ಜನ ಇದ್ರೇನೇ ಅಲ್ವಾ ಕಂಪ್ನಿಯೋರಿಗೂ ಧೈರ್ಯ ಬರೋದು.

ಹಾಗಂತ ಕೇಂದ್ರ ಸರ್ಕಾರದ ಊರು ಕ್ಲೀನಾಗಿದೆಯಾ ಅನ್ನೋ ಸರ್ವೇ, 2016ರ ಸ್ವಚ್ಛ ಸರ್ವೇಕ್ಷಣದಲ್ಲಿ 73 ಊರುಗಳ ಪೈಕಿ ಫಸ್ಟ್ ಬಂದಿದ್ದಕ್ಕೇ ಕಂಪ್ನಿಗಳು ಓಡ್ಬಂದ್ವು ಅನ್ನೋದೂ ಸುಳ್ಳೇ, ಅದನ್ನೂ ಕೆಲವ್ರು ಹಬ್ಬಿಸ್ತಿದಾರೆ. ಜಾಗ, ಕರೆಂಟು, ಕಾವೇರಿ ನೀರು, ಓದಿದ ಜನ ಎಲ್ಲಾ ಬೇಕು. ರೋಡಿಂದ ಟೈಮ್ ಉಳೀತು ನಿಜ, ಮಂಡ್ಯದೋರಿಗೂ ಅನುಕೂಲ ಆಯ್ತು. ಆದ್ರೆ ಅದೇ ರೋಡಲ್ಲಿ ಜನ ಬೆಂಗಳೂರಿಗೂ ಹೋಗ್ಬಿಡಬಹುದು, ಆ ಮಾತು ಫಾರ್ವರ್ಡಲ್ಲಿ ಎಲ್ಲೂ ಇಲ್ಲ.